ಸಣ್ಣ ಎಲ್ಡರ್‌ನ ಸೋಮವಾರಗಳು

ವಾಷಿಂಗ್ ಮೆಷಿನ್‌ಗೆ ಕ್ವಾರ್ಟರ್ ಹಾಕಬೇಕು ಅಂತ ನನಗೆ ಯಾರೂ ಹೇಳಿರಲಿಲ್ಲ. ಕ್ವಾರ್ಟರ್ ಅಂದರೆ 25 ಸೆಂಟಿನ ನಾಣ್ಯ. ನಮ್ಮ ಕಡೆ ಕ್ವಾರ್ಟರ್ ಅಂದರೆ ಬೇರೆಯೇ, ಬಿಡಿ. 2018ರ ಮಾರ್ಚ್ ತಿಂಗಳು. ಉಡುಪಿಯಿಂದ ಟೆಕ್ಸಾಸ್‌ಗೆ ಬಂದು ಇನ್ನೂ ಮೂರು ವಾರ ಆಗಿರಲಿಲ್ಲ. ಡಲ್ಲಾಸ್ ಪಕ್ಕದ ಇರ್ವಿಂಗ್ ಎಂಬ ಊರು. ಅಪಾರ್ಟ್‌ಮೆಂಟಿನ ಹಿಂದಿನ ಲಾಂಡ್ರಿ ರೂಮಿನಲ್ಲಿ ಒಂದು ಡಾಲರಿನ ನೋಟು ಹಿಡಿದುಕೊಂಡು, ಅದನ್ನು ತುರುಕಲು ಎಲ್ಲಾದರೂ ಸಂದಿ ಇದೆಯಾ ಅಂತ ಮೆಷಿನ್ ಸುತ್ತ ಬಗ್ಗಿ ಬಗ್ಗಿ ನೋಡುತ್ತಿದ್ದೆ.

"ಆಬ್ಲಾ ಎಸ್ಪಾನ್ಯೋಲ್?"

ತಿರುಗಿದೆ. ಬಿಳಿ ಅಂಗಿ, ಕಪ್ಪು ಪ್ಯಾಂಟು, ಟೈ. ಬಿಸಿಲಿಗೆ ಕೆಂಪಾಗಿ ಸುಲಿಯುತ್ತಿದ್ದ ಮೂಗು. ಮೀಸೆ ಇನ್ನೂ ಸರಿಯಾಗಿ ಬಾರದ ಹುಡುಗ. "ನೋ" ಅಂದೆ. ಸ್ಪ್ಯಾನಿಷ್‌ನಲ್ಲೂ ನೋ ಅಂದರೆ ನೋ ತಾನೇ. ಅವನು ಅದನ್ನು ಸ್ಪ್ಯಾನಿಷ್ ನೋ ಅಂದುಕೊಂಡು, ನನ್ನದು ಬರೀ ಸಂಕೋಚ ಇರಬೇಕು ಅಂತ ಮಾತು ಮುಂದುವರಿಸಿದ. ಒಂದು ಶಬ್ದ, ಒಂದು ನಿಲುಗಡೆ, ಮತ್ತೊಂದು ಶಬ್ದ. ಇಳಿಜಾರಿನಲ್ಲಿ ಬ್ರೇಕ್ ಹಿಡಿದು ಹಿಡಿದು ಬಿಡುವ ಸೈಕಲ್ಲಿನ ಹಾಗೆ. ಕೊನೆಗೆ ಅವನ ಹಿಂದೆ ನಿಂತಿದ್ದ ಇನ್ನೊಬ್ಬ ಹುಡುಗ ನಕ್ಕು ಇಂಗ್ಲಿಷಿನಲ್ಲಿ, "ಅವರಿಗೆ ಸ್ಪ್ಯಾನಿಷ್ ಬರಲ್ಲ ಅಂತ ಹೇಳ್ತಿದಾರೆ" ಅಂದ. ಸುಲಿದ ಮೂಗು ಇನ್ನಷ್ಟು ಕೆಂಪಾಯಿತು. ಸಾರಿ ಮ್ಯಾಮ್, ಸಾರಿ ಮ್ಯಾಮ್ ಅನ್ನುತ್ತಾ ಚೀಲದಿಂದ ಒಂದು ಕಾಲುಚೀಲ ತೆಗೆದ. ಅದರ ತುಂಬ ಕ್ವಾರ್ಟರ್‌ಗಳು. ಅವನ ಅಮ್ಮ ಇಡಾಹೋದಿಂದ ಕಟ್ಟಿಕೊಟ್ಟದ್ದಂತೆ. ನನ್ನ ನೋಟು ಇಸಿದುಕೊಂಡು ನಾಲ್ಕು ನಾಣ್ಯ ಎಣಿಸಿಕೊಟ್ಟ. ಸಾಲದು ಅಂತ ಗೊತ್ತಾಗಿ ಇನ್ನೆರಡು ತಾನೇ ಹಾಕಿದ.

ಎದೆಯ ಮೇಲಿನ ಕಪ್ಪು ಫಲಕದಲ್ಲಿ ಬಿಳಿ ಅಕ್ಷರ. 'ಎಲ್ಡರ್' ಅಂತ ಇತ್ತು, ಮುಂದೆ ಮನೆತನದ ಹೆಸರು. ಎಲ್ಡರ್ ಅಂದರೆ ಹಿರಿಯ. ವಯಸ್ಸು ಹತ್ತೊಂಬತ್ತು! ನಮ್ಮ ಯಜಮಾನರಿಗೆ ಆ ಸಂಜೆ ಕಥೆ ಹೇಳಿದಾಗ, "ಸರಿ ಹಾಗಾದ್ರೆ, ಒಬ್ಬ ಸಣ್ಣ ಎಲ್ಡರ್, ಒಬ್ಬ ದೊಡ್ಡ ಎಲ್ಡರ್" ಅಂದರು. ನಮ್ಮ ಮನೆಯಲ್ಲಿ ಅದೇ ಹೆಸರು ಉಳಿಯಿತು.

ಹೆಸರಿನ ಕೆಳಗೆ ಅವರ ಸಭೆಯ ಹೆಸರು ಸ್ಪ್ಯಾನಿಷ್‌ನಲ್ಲಿತ್ತು, ಯೇಸು ಕ್ರಿಸ್ತನ ಅಂತಿಮ ದಿನಗಳ ಸಂತರ ಸಭೆ ಅಂತ. ಅದರ ಪರವಾಗಿ ಮತ ಬೋಧಿಸುತ್ತಾ ತಿರುಗುವ ಹುಡುಗರು ಇವರು. ಅದರಲ್ಲೊಂದು ಪದ 'ಇಗ್ಲೇಸಿಯಾ'. ನನಗೆ ತಟ್ಟನೆ ಹೊಳೆಯಿತು. ನಮ್ಮೂರ ಕಡೆ ಹಳಬರು ಚರ್ಚ್ ಅನ್ನುವುದಿಲ್ಲ, ಇಗರ್ಜಿ ಅನ್ನುತ್ತಾರೆ. ಪೋರ್ಚುಗೀಸರು ಬಿಟ್ಟುಹೋದ ಪದ. ಸ್ಪ್ಯಾನಿಷ್‌ಗೂ ಪೋರ್ಚುಗೀಸಿಗೂ ಅಕ್ಕತಂಗಿ ಸಂಬಂಧ. ಅಂದರೆ ಈ ಹುಡುಗ ಎದೆಯ ಮೇಲೆ ಇಗರ್ಜಿ ಅಂತ ಬರೆದುಕೊಂಡು ಓಡಾಡುತ್ತಿದ್ದ. ಪರಊರಿನಲ್ಲಿ ಪರಿಚಯದ ಮುಖ ಕಂಡಷ್ಟು ಖುಷಿಯಾಯಿತು ನನಗೆ. ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಅಮ್ಮನಿಗೆ ವಾಟ್ಸಾಪ್‌ನಲ್ಲಿ ಹೇಳಿದೆ. ಅಮ್ಮನ ಚಿಂತೆಯೇ ಬೇರೆ. "ಮತಾಂತರದವರಾ? ಒಳಗೆಲ್ಲ ಕರಿಬೇಡ ಮಾರಾಯ್ತಿ."

ಕರೆದರೂ ಅವರು ಬರುತ್ತಿರಲಿಲ್ಲ. ಹೆಂಗಸು ಒಬ್ಬಳೇ ಇರುವ ಮನೆಯೊಳಗೆ ಅವರು ಕಾಲಿಡುವ ಹಾಗಿಲ್ಲ, ಅದು ನಿಯಮ. ನಿಯಮಗಳು ಒಂದೆರಡಲ್ಲ. ಬೆಳಗ್ಗೆ ಆರೂವರೆಗೆ ಏಳಬೇಕು, ರಾತ್ರಿ ಹತ್ತೂವರೆಗೆ ಮಲಗಬೇಕು. ಜೊತೆಗಾರನನ್ನು ಬಿಟ್ಟು ಒಬ್ಬನೇ ಎಲ್ಲೂ ಹೋಗಬಾರದು. ಸಿನಿಮಾ ಇಲ್ಲ, ಟಿವಿ ಇಲ್ಲ, ಹುಡುಗಿಯರ ಜೊತೆ ಸುತ್ತಾಟ ಇಲ್ಲ. ಗಂಡುಮಕ್ಕಳಿಗೆ ಎರಡು ವರ್ಷ, ಹೆಣ್ಣುಮಕ್ಕಳಿಗೆ ಒಂದೂವರೆ ವರ್ಷ. ಇದಕ್ಕೆ ಸಂಬಳ ಕೊಡುವುದಿಲ್ಲ. ತಿಂಗಳಿಗೆ 400 ಡಾಲರ್ ಮನೆಯವರೇ ಕಟ್ಟಬೇಕಿತ್ತು ಆಗ. ಸಣ್ಣ ಎಲ್ಡರ್ ಬೇಸಿಗೆ ರಜೆಗಳಲ್ಲಿ ಆಲೂಗೆಡ್ಡೆ ಹೊಲಗಳಲ್ಲಿ ನೀರಿನ ಪೈಪ್ ಹೊತ್ತು ಅದರಲ್ಲಿ ಅರ್ಧ ಕೂಡಿಸಿದ್ದ. ವಾರದಲ್ಲಿ ಸೋಮವಾರ ಮಾತ್ರ ಸ್ವಲ್ಪ ಬಿಡುವು. ಪಿ-ಡೇ, ಅಂದರೆ ಪ್ರಿಪರೇಷನ್ ಡೇ ಅನ್ನುತ್ತಾರೆ. ಬಟ್ಟೆ ಒಗೆಯೋದು, ಸಾಮಾನು ತರೋದು, ಮನೆಗೆ ಇಮೇಲ್ ಬರೆಯೋದು ಎಲ್ಲ ಆ ದಿನವೇ. ಸಂಜೆ ಆರಕ್ಕೆ ಬಿಡುವು ಮುಗಿಯಿತು. ನಾನೂ ಸೋಮವಾರವೇ ಬಟ್ಟೆ ಒಗೆಯಲು ಶುರು ಮಾಡಿದೆ.

ಎಲ್ಲಿಗೆ ಹೋಗಬೇಕು ಅಂತ ಅವರು ಆರಿಸಿಕೊಳ್ಳುವ ಹಾಗಿಲ್ಲ. ಆಗ ಅವರ ಮುಖ್ಯ ಕಚೇರಿ ಇರುವ ಸಾಲ್ಟ್ ಲೇಕ್ ಸಿಟಿಯಿಂದ ದಪ್ಪ ಬಿಳಿ ಲಕೋಟೆ ಬರುತ್ತಿತ್ತು. ಅಜ್ಜ ಅಜ್ಜಿ, ಚಿಕ್ಕಪ್ಪ ಚಿಕ್ಕಮ್ಮಂದಿರು ಎಲ್ಲ ಸೇರಿದ ಮೇಲೆ ಒಡೆದು ಗಟ್ಟಿಯಾಗಿ ಓದಬೇಕಿತ್ತು. ಗೆಳೆಯರಿಗೆ ಬ್ರೆಜಿಲ್ ಬಂದಿತ್ತು, ಜಪಾನ್ ಬಂದಿತ್ತು. ಇವನಿಗೆ ಟೆಕ್ಸಾಸ್. ಒಂದು ಕ್ಷಣ ಮನೆಯೆಲ್ಲ ಸುಮ್ಮನಾಯಿತಂತೆ. ಆಮೇಲೆ ಮುಂದಿನ ಸಾಲು ಓದಿದ, ಸ್ಪ್ಯಾನಿಷ್ ಭಾಷೆಯಲ್ಲಿ ಅಂತ. ಎಲ್ಲರೂ ಚಪ್ಪಾಳೆ ತಟ್ಟಿದರು. "ಸ್ಪ್ಯಾನಿಷ್ ಸೇರಿಕೊಂಡಿದ್ದಕ್ಕೆ ಮರ್ಯಾದೆ ಉಳೀತು" ಅಂದ.

ಯೂಟಾದ ಪ್ರೋವೋದಲ್ಲಿ ಅವರ ತರಬೇತಿ ಕೇಂದ್ರ ಇದೆ. ಐವತ್ತಕ್ಕೂ ಜಾಸ್ತಿ ಭಾಷೆ ಕಲಿಸುತ್ತಾರೆ. ಸ್ಪ್ಯಾನಿಷ್‌ಗೆ ಆರು ವಾರ. ಹೋದ ಮೂರನೇ ದಿನವೇ ಮೇಷ್ಟ್ರೊಬ್ಬರು ಗೊತ್ತಿಲ್ಲದವರ ಹಾಗೆ ನಟಿಸುತ್ತಾ ಕೂತರೆ, ಅವರಿಗೆ ಸ್ಪ್ಯಾನಿಷ್‌ನಲ್ಲೇ ಧರ್ಮ ಬೋಧಿಸಬೇಕು. ಬಾಯಲ್ಲಿ ಇರುವುದೇ ಇಪ್ಪತ್ತು ಪದ! ಈಜು ಬಾರದವನನ್ನು ಬಾವಿಗೆ ತಳ್ಳುವ ನಮ್ಮ ಅಜ್ಜಂದಿರ ಪದ್ಧತಿ. ಕೆಲಸ ಮಾಡುತ್ತದೆ, ಆದರೆ ವಿಚಿತ್ರ ರೀತಿಯಲ್ಲಿ. ಆರು ವಾರ ಮುಗಿಯುವ ಹೊತ್ತಿಗೆ ಅವನಿಗೆ ಪಶ್ಚಾತ್ತಾಪ, ಪುನರುತ್ಥಾನ, ದೀಕ್ಷಾಸ್ನಾನ ಎಲ್ಲಕ್ಕೂ ಸ್ಪ್ಯಾನಿಷ್ ಪದ ಗೊತ್ತಿತ್ತು. ಅವರ ಮತ ಶುರುಮಾಡಿದ ಜೋಸೆಫ್ ಸ್ಮಿತ್ 1820ರಲ್ಲಿ ಕಾಡಿನಲ್ಲಿ ದರ್ಶನ ಕಂಡ ಕಥೆಯನ್ನು ಉಸಿರು ಬಿಡದೆ ಒಪ್ಪಿಸುತ್ತಿದ್ದ. ಸೋಪು, ಬಕೆಟ್, ನಲ್ಲಿ, ಕಸಬರಿಕೆ ಯಾವುದಕ್ಕೂ ಪದ ಗೊತ್ತಿರಲಿಲ್ಲ.

ನನ್ನ ಪಾಡೂ ಅದೇ ಆಗಿತ್ತು, ಅದಕ್ಕೇ ಅವನು ಇಷ್ಟವಾದದ್ದು. ನಾನು ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವಳು. ಸಬ್‌ವೇ ಅಂಗಡಿಯಲ್ಲಿ ಒಂದು ಸ್ಯಾಂಡ್‌ವಿಚ್ ಕೇಳಲು ಹೋಗಿ ಅವಳು ಕೇಳಿದ ಐದು ಪ್ರಶ್ನೆಗೂ "ಯೆಸ್" ಅಂದು, ತಿನ್ನಲಾಗದ ಏನನ್ನೋ ಹಿಡಿದುಕೊಂಡು ಬಂದಿದ್ದೆ.

ಬಕೆಟ್ ಪದ ಅವನಿಗೆ ಕಲಿಸಿದ್ದು ನಮ್ಮ ಕೆಳಮನೆ ಸೆನ್ಯೋರಾ. ಹೊಂಡುರಾಸ್‌ನವರು. ವಯಸ್ಸು ಐವತ್ತರ ಆಸುಪಾಸು, ಮನೆ ಕ್ಲೀನ್ ಮಾಡುವ ಕೆಲಸ. ಗಂಡ ಛಾವಣಿ ಕೆಲಸಕ್ಕೆ ಹೋಗುತ್ತಿದ್ದರು. ಇಬ್ಬರಿಗೂ ಇಂಗ್ಲಿಷ್ ಬರುತ್ತಿರಲಿಲ್ಲ. ಒಂದು ಸೋಮವಾರ ಅವರು ಲಾಂಡ್ರಿ ರೂಮಿಗೆ ಬಕೆಟ್ ತಂದಿಟ್ಟಾಗ ಸಣ್ಣ ಎಲ್ಡರ್ ಅದನ್ನು ತೋರಿಸಿ ಏನೋ ಕೇಳಿದ. "ಬಾಲ್ದೆ" ಅಂದರು. ನಾನು ಪಕ್ಕದಿಂದ, "ಬಾಲ್ದಿ!" ಅಂದೆ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮ ದಕ್ಷಿಣ ಕನ್ನಡ, ಉಡುಪಿ ಕಡೆ ಬಕೆಟ್‌ಗೆ ಬಾಲ್ದಿ ಅಂತಲೇ ಅನ್ನೋದು. ಆಮೇಲೆ ನನಗೆ ಅದೇ ಆಟವಾಯಿತು. ಬಟ್ಟೆ ಮಡಿಸುವ ಟೇಬಲ್ ತಟ್ಟಿ, "ಮೇಜು" ಅಂದೆ. "ಮೇಸಾ" ಅಂದರು ಸೆನ್ಯೋರಾ. ಪಾದ್ರಿಗೆ ಪಾದ್ರೆ. ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿಯ ಮುಂದೆ ಜೀವನದಲ್ಲಿ ಎಷ್ಟು ನೂರು ಸಲ ಬಸ್ಸಿನಲ್ಲಿ ಹೋಗಿದ್ದೇನೋ, ಮಿಲಾಗ್ರಿಸ್ ಅಂದರೆ ಯಾರದೋ ಹೆಸರು ಅಂದುಕೊಂಡಿದ್ದೆ. ಪವಾಡಗಳು ಅಂತ ಅರ್ಥ ಅನ್ನೋದು ನನಗೆ ಗೊತ್ತಾಗಿದ್ದು ಟೆಕ್ಸಾಸ್‌ನ ಲಾಂಡ್ರಿ ರೂಮಿನಲ್ಲಿ, ಸಣ್ಣ ಎಲ್ಡರ್ ತನ್ನ ಪುಸ್ತಕದಿಂದ 'ಮಿಲಾಗ್ರೋಸ್' ಅಂತ ಓದಿದಾಗ.

ಬೋಧನೆ ನಡೆಯುತ್ತಿದ್ದದ್ದು ನಮ್ಮ ಮೆಟ್ಟಿಲ ಕೆಳಗೆ. ಸೆನ್ಯೋರಾ ಗಂಡ ಕೆಲಸದಿಂದ ಬಂದ ಮೇಲೆ, ಆರೂವರೆ ಏಳರ ಹೊತ್ತಿಗೆ, ಬಾಗಿಲ ಮುಂದೆ ನಾಲ್ಕು ಪ್ಲಾಸ್ಟಿಕ್ ಕುರ್ಚಿ. ನಾನು ಮೇಲಿನ ಮೆಟ್ಟಿಲ ಮೇಲೆ ಕೂತು ಬೀನ್ಸ್ ಬಿಡಿಸುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಅರ್ಥವಾಗುತ್ತಿರಲಿಲ್ಲ, ಆದರೂ ಕೇಳುತ್ತಿದ್ದೆ. ಸೆನ್ಯೋರಾ ಅಪ್ಪಟ ಕ್ಯಾಥೊಲಿಕ್. ಅವರ ಗೋಡೆಯ ಮೇಲೆ ಸುಯಾಪಾದ ಮಾತೆಯ ಪಟ ಇತ್ತು. ಹೊಂಡುರಾಸ್‌ಗೆಲ್ಲ ತಾಯಿ ಆಕೆ. 1747ರಲ್ಲಿ ಸಿಕ್ಕ ಮೂಲ ವಿಗ್ರಹ ಹೆಬ್ಬೆರಳಿನಷ್ಟೇ ಎತ್ತರ ಅಂತ ಸೆನ್ಯೋರಾ ಬೆರಳು ತೋರಿಸಿ ಹೇಳಿದ್ದರು. ಮತ ಬದಲಿಸುವ ಯೋಚನೆ ಅವರಿಗೆ ಕನಸಲ್ಲೂ ಇರಲಿಲ್ಲ. ಮತ್ತೆ ಯಾಕೆ ವಾರಕ್ಕೆರಡು ಸಲ ಕುರ್ಚಿ ಹಾಕುತ್ತಿದ್ದರು? ಹುಡುಗರು ಹಸಿದಿರುತ್ತಾರೆ ಅಂತ. ಸಣ್ಣವನ ಸ್ಪ್ಯಾನಿಷ್ ಕೇಳೋದಕ್ಕೆ ಮಜಾ ಇರುತ್ತೆ ಅಂತಲೂ ಇರಬೇಕು.

ಬೋಧನೆಗಿಂತ ದೊಡ್ಡ ಕಷ್ಟ ಕಾಫಿಯದ್ದಾಗಿತ್ತು. 1833ರಿಂದ ಅವರಲ್ಲಿ ಒಂದು ಆರೋಗ್ಯ ನಿಯಮ ಇದೆ. ಹೆಂಡ, ತಂಬಾಕು ಬಿಡಿ, ಕಾಫಿ ಟೀ ಕೂಡ ಇಲ್ಲ. ಹೊಂಡುರಾಸ್ ಕಾಫಿ ಬೆಳೆಯುವ ದೇಶ. ಮನೆಗೆ ಬಂದವರು ಕಾಫಿ ಬೇಡ ಅಂದರೆ ಆ ಹೆಂಗಸಿಗೆ ಹೇಗಾಗಬೇಡ? ನನಗೆ ಗೊತ್ತು, ಯಾಕಂದರೆ ನಾನು ಊರಿಂದ ತಂದ ಫಿಲ್ಟರ್ ಕಾಫಿ ಪುಡಿಯನ್ನು ಜೋಪಾನವಾಗಿ ಇಳಿಸಿ ಎರಡು ಲೋಟ ಬಾಗಿಲಿಗೆ ತಂದಾಗ ಇಬ್ಬರೂ ಒಂದು ಹೆಜ್ಜೆ ಹಿಂದೆ ಸರಿದಿದ್ದರು. ಆಮೇಲೆ ಮಜ್ಜಿಗೆ ಕೊಟ್ಟೆ. ಶುಂಠಿ, ಹಸಿಮೆಣಸು, ಕರಿಬೇವು ಹಾಕಿದ್ದು. ಸಣ್ಣ ಎಲ್ಡರ್ ಕರಿಬೇವನ್ನೂ ಜಗಿದು ನುಂಗಿ, ಕಿವಿ ಕೆಂಪು ಮಾಡಿಕೊಂಡು, ತುಂಬಾ ಚೆನ್ನಾಗಿದೆ ಅಂದ. ಸುಳ್ಳು ಹೇಳಬಾರದು ಅನ್ನುವ ನಿಯಮ ಮಜ್ಜಿಗೆಗೆ ಅನ್ವಯಿಸೋದಿಲ್ಲ ಅಂತ ಕಾಣುತ್ತೆ.

ಒಂದು ಸಂಜೆ ಅವನು ಬಹಳ ಗಂಭೀರವಾಗಿ ಏನೋ ಹೇಳಿದ. ಕೈ ಎದೆಯ ಮೇಲಿತ್ತು. ಕೆಳಗೆ ಎಲ್ಲರೂ ಸುಮ್ಮನಾದರು. ಆಮೇಲೆ ಸೆನ್ಯೋರಾ ತುಟಿ ಕಚ್ಚಿಕೊಂಡು, "ಪೋಬ್ರೆಸಿತೋಸ್" ಅಂದರು. ಪಾಪ, ಪಾಪ ಅಂತ. ಅವರ ಗಂಡ ಎದ್ದು ಗೋಡೆ ಕಡೆ ತಿರುಗಿ ನಿಂತರು, ಬೆನ್ನು ಕುಲುಕುತ್ತಿತ್ತು. ಸೋಮವಾರ ದೊಡ್ಡ ಎಲ್ಡರ್ ವಿವರಿಸಿದ. ಪಾಪಕ್ಕೆ 'ಪೆಕಾದೊ', ಮೀನಿಗೆ 'ಪೆಸ್ಕಾದೊ'. ಯೇಸು ನಮ್ಮ ಮೀನುಗಳಿಗಾಗಿ ಪ್ರಾಣ ಕೊಟ್ಟ ಅಂದಿದ್ದ ಇವನು. ಕರಾವಳಿಯವಳಾದ ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ ಅಂದೆ. ಸಣ್ಣ ಎಲ್ಡರ್ ನಗಲಿಲ್ಲ. ಆ ರಾತ್ರಿ ಅತ್ತನಂತೆ. ಅದನ್ನೂ ಅವನೇ ಹೇಳಿದ, ಬಿಳಿ ಅಂಗಿ ಮಡಿಸುತ್ತಾ. ಊರಲ್ಲಿ ಅವನು ಶಾಲೆಯ ಡಿಬೇಟ್ ತಂಡದಲ್ಲಿದ್ದವನು, ಮಾತಿನಲ್ಲಿ ಯಾರಿಗೂ ಬಗ್ಗದವನು. ಇಲ್ಲಿ ಐದು ವರ್ಷದ ಮಕ್ಕಳು ಅವನನ್ನು ತಿದ್ದುತ್ತಾರೆ. "ಇಂಗ್ಲಿಷಿನಲ್ಲಿ ನಾನು ಯಾರು ಅಂತ ಇವರ್ಯಾರಿಗೂ ಗೊತ್ತಿಲ್ಲ" ಅಂದ.

ಆ ಮಾತಿಗೆ ನಾನು ಏನೂ ಹೇಳಲಿಲ್ಲ. ಸುಮ್ನೆ ಅವನ ಮೆಷಿನ್‌ನ ಬಟ್ಟೆ ಡ್ರೈಯರ್‌ಗೆ ಹಾಕಿಕೊಟ್ಟೆ.

ಅಮ್ಮನ ಜೊತೆ ನಾನು ದಿನಾ ಎರಡು ಸಲ ಮಾತಾಡುತ್ತಿದ್ದೆ. ಅವನಿಗೆ ವರ್ಷಕ್ಕೆ ಎರಡು ಸಲ. ಕ್ರಿಸ್‌ಮಸ್‌ಗೊಮ್ಮೆ, ಮೇ ತಿಂಗಳ ಅಮ್ಮಂದಿರ ದಿನಕ್ಕೊಮ್ಮೆ. ಉಳಿದಂತೆ ವಾರಕ್ಕೊಂದು ಇಮೇಲ್, ಅದೂ ಲೈಬ್ರರಿಯ ಕಂಪ್ಯೂಟರಿನಲ್ಲಿ. ಇದು ಕೇಳಿ ನನಗೆ ಸಿಟ್ಟೇ ಬಂದಿತ್ತು. ಇದೆಂಥ ಪದ್ಧತಿ, ಇನ್ನೂ ಮಗು ಅದು! 2019ರ ಫೆಬ್ರವರಿಯಲ್ಲಿ ಅವರು ನಿಯಮ ಬದಲಿಸಿದರು. ಈಗ ವಾರಕ್ಕೊಮ್ಮೆ ಫೋನ್ ಮಾಡಬಹುದು. ಸುದ್ದಿ ಓದಿದಾಗ, ಒಂದು ವರ್ಷ ಮೊದಲೇ ಮಾಡಿದ್ದರೆ ಏನಾಗುತ್ತಿತ್ತು ಅನ್ನಿಸಿತು.

ಅವನನ್ನು ನಿಜಕ್ಕೂ ಕಾಡಿದ ಪದ ಮೀನು ಅಲ್ಲ, ನೀನು. ಅವರ ಮನೆಗಳಲ್ಲಿ ಇಂಗ್ಲಿಷಿನಲ್ಲಿ ಪ್ರಾರ್ಥಿಸುವಾಗ ದೇವರಿಗೆ 'ಯು' ಅನ್ನುವುದಿಲ್ಲ. 'ದೌ', 'ದೀ' ಅನ್ನುವ ಹಳೇ ಕಾಲದ ಪದಗಳೇ ಬೇಕು. ಅದು ದೇವರಿಗೆ ಕೊಡುವ ವಿಶೇಷ ಗೌರವ ಅಂತ ಚಿಕ್ಕಂದಿನಿಂದ ಕಲಿಸಿದ್ದರು. ಪ್ರೋವೋದಲ್ಲಿ ಮೇಷ್ಟ್ರು ಹೇಳಿದರು, ಸ್ಪ್ಯಾನಿಷ್‌ನಲ್ಲಿ ದೇವರಿಗೆ 'ತು' ಅನ್ನಿ. ತು ಅಂದರೆ ತಮ್ಮನಿಗೆ, ಗೆಳೆಯನಿಗೆ, ನಾಯಿಮರಿಗೆ ಅನ್ನುವ ಪದ. ದೊಡ್ಡವರಿಗೆ 'ಉಸ್ತೆದ್'. "ಕೆಳಮನೆಯವರಿಗೆ ಉಸ್ತೆದ್, ದೇವರಿಗೆ ತು. ಇದು ಹೇಗೆ ಮ್ಯಾಮ್? ಮೊದಲ ಕೆಲವು ರಾತ್ರಿ ನಾಲಿಗೆಯೇ ಹೊರಳಲಿಲ್ಲ."

ನನಗೆ ಅಂಥ ಸಂತೋಷ ಆಯಿತು ಅಂದರೆ! ಮೂರು ತಿಂಗಳಿಂದ ಬರೀ ಗೊತ್ತಿಲ್ಲದವಳಾಗಿಯೇ ಇದ್ದೆ ಆ ದೇಶದಲ್ಲಿ. ಮೊದಲ ಸಲ ನನಗೆ ಗೊತ್ತಿರುವ ವಿಷಯ ಒಂದು ಬಂತು. ನಮ್ಮಲ್ಲೂ ಹಾಗೇ ಅಂದೆ. ನನ್ನ ಅತ್ತೆಗೆ ನೀವು, ಬ್ಯಾಂಕ್ ಮ್ಯಾನೇಜರ್‌ಗೆ ನೀವು, ಕೃಷ್ಣಮಠದ ಕೃಷ್ಣನಿಗೆ ನೀನು. ದೇವರಿಗೆ ಯಾರಾದರೂ ನೀವು ಅಂದರೆ ನಗು ಬರುತ್ತೆ, ಸರ್ಕಾರಿ ಅರ್ಜಿ ಬರೆದ ಹಾಗೆ. ದಾಸರು ದೇವರ ಜೊತೆ ಜಗಳ ಆಡಿದ್ದು ಏಕವಚನದಲ್ಲೇ. ಇನ್ನೊಂದು ವಿಷಯ, ನಿಮ್ಮ ದೌ ಕೂಡ ಮೊದಲು ನೀನೇ ಆಗಿತ್ತು ಕಣಪ್ಪಾ. ಹಳೇ ಇಂಗ್ಲಿಷಿನಲ್ಲಿ ಹೆಂಡತಿಗೆ, ಮಕ್ಕಳಿಗೆ, ಆಳಿಗೆ ದೌ ಅನ್ನುತ್ತಿದ್ದರು. ಬಳಕೆ ತಪ್ಪಿ ಹೋಗಿ ಬರೀ ದೇವರ ಹತ್ತಿರ ಉಳಿದುಕೊಂಡಿತು, ಅದಕ್ಕೆ ಈಗ ಮರ್ಯಾದೆ ಪದದ ಹಾಗೆ ಕೇಳಿಸುತ್ತೆ. ಮೂರನೇ ಸೆಮಿಸ್ಟರ್‌ನಲ್ಲಿ ನಮ್ಮ ಮೇಡಂ ಹೇಳಿಕೊಟ್ಟ ಪಾಠ ಅದು. ಅವನು ಸೋಪಿನ ಪುಡಿ ಚಮಚ ಹಿಡಿದುಕೊಂಡೇ ನಿಂತಿದ್ದ. ಪುಡಿ ಮೆಷಿನ್‌ಗೆ ಬೀಳಲೇ ಇಲ್ಲ. ದೊಡ್ಡ ಎಲ್ಡರ್‌ಗೆ ಮನೆಮಾತೇ ಸ್ಪ್ಯಾನಿಷ್. ಅವನು ಮಾತ್ರ, ಇದರಲ್ಲಿ ಆಶ್ಚರ್ಯ ಏನಿದೆ ಅನ್ನೋ ಹಾಗೆ ಕಾಲುಚೀಲ ಜೋಡಿ ಮಾಡುತ್ತಿದ್ದ.

ಇದರ ಮೇಲೆ ಸೆನ್ಯೋರಾ ಇನ್ನೊಂದು ಹಾಕಿದರು. ಅವರು ಇವನಿಗೆ ತು ಅನ್ನುತ್ತಿರಲಿಲ್ಲ, 'ವೋಸ್' ಅನ್ನುತ್ತಿದ್ದರು. ಹೊಂಡುರಾಸ್‌ನ ಕಡೆಯ ನೀನು ಅದು. ತರಬೇತಿಯಲ್ಲಿ ಅದನ್ನು ಕಲಿಸಿಯೇ ಇರಲಿಲ್ಲ. ಇವನು ಎರಡು ವಾರ ಅವರ ಉಚ್ಚಾರ ಸರಿ ಇಲ್ಲ ಅಂದುಕೊಂಡಿದ್ದ! ಪ್ರೀತಿ ಬಂದಾಗ 'ಮಿಹೊ' ಅಂತಲೂ ಕರೆಯುತ್ತಿದ್ದರು. ನನ್ನ ಮಗನೇ ಅಂತ. ಅದು ಮಾತ್ರ ಅವನಿಗೆ ಮೊದಲ ದಿನವೇ ಅರ್ಥವಾಗಿತ್ತು.

ಏಪ್ರಿಲ್ 2ರ ಸೋಮವಾರ ಅವನು ಓಡಿಕೊಂಡೇ ಬಂದ. "ಮ್ಯಾಮ್, ನಿಮ್ಮೂರಿಗೆ ಟೆಂಪಲ್ ಬರ್ತಿದೆ!" ಹಿಂದಿನ ದಿನ ಸಾಲ್ಟ್ ಲೇಕ್‌ನ ಸಮ್ಮೇಳನದಲ್ಲಿ ಅವರ ಆಗಿನ ಅಧ್ಯಕ್ಷ ರಸೆಲ್ ನೆಲ್ಸನ್ ಏಳು ಹೊಸ ಟೆಂಪಲ್‌ಗಳನ್ನು ಘೋಷಿಸಿದ್ದರು. ಅದರಲ್ಲಿ ಒಂದು ಬೆಂಗಳೂರು. ಬೆಂಗಳೂರು ನಮ್ಮೂರಿಂದ 400 ಕಿಲೋಮೀಟರ್ ದೂರ ಅಂದೆ. ಅವನಿಗೆ ಅದು ದೂರವೇ ಅಲ್ಲ. ನನಗೂ ಒಳಗೊಳಗೆ ಒಂಥರಾ ಆಯಿತು ಅನ್ನೋದನ್ನು ಒಪ್ಪಿಕೊಳ್ಳುತ್ತೇನೆ. ಅವರು ನನ್ನ ಮೆಟ್ಟಿಲ ಕೆಳಗೆ ಕೂತಿದ್ದರೆ ಚಂದ, ನಮ್ಮೂರ ಮೆಟ್ಟಿಲ ಕೆಳಗೆ ಬೇಡ ಅನ್ನುವ ಭಾವ. ಅಮ್ಮನಿಗೆ ಹೇಳಲೇ ಇಲ್ಲ. 2020ರ ಡಿಸೆಂಬರ್‌ನಲ್ಲಿ ಅದಕ್ಕೆ ಗುದ್ದಲಿ ಪೂಜೆ ಆದ ಸುದ್ದಿ ಓದಿದೆ. ಅವರು ಪೂಜೆ ಅನ್ನಲಿಕ್ಕಿಲ್ಲ, ಬಿಡಿ. ಅಂದಹಾಗೆ, ನಾನು ಈ ಬರಹದಲ್ಲಿ ಮಾರ್ಮನ್ ಅನ್ನುವ ಪದ ಇಲ್ಲಿವರೆಗೆ ಬಳಸಿಲ್ಲ, ಗಮನಿಸಿದಿರಾ? ಆಗ ಅವನೂ ಸಲೀಸಾಗಿ ಹಾಗೇ ಹೇಳಿಕೊಳ್ಳುತ್ತಿದ್ದ. 2018ರ ಆಗಸ್ಟ್‌ನಲ್ಲಿ ಅಧ್ಯಕ್ಷರೇ, ಆ ಅಡ್ಡಹೆಸರು ಬೇಡ, ಸಭೆಯ ಪೂರ್ತಿ ಹೆಸರು ಹೇಳಿ ಅಂದರು.

ಅವರ ಗ್ರಂಥ 'ಬುಕ್ ಆಫ್ ಮಾರ್ಮನ್' ಸ್ಪ್ಯಾನಿಷ್‌ಗೆ ಬಂದ ಕಥೆಯನ್ನೂ ಆ ದಿನಗಳಲ್ಲೇ ಕೇಳಿದ್ದು. ಮೆಲಿಟಾನ್ ಟ್ರೆಹೊ ಅಂತ ಸ್ಪೇನ್‌ನ ಸೈನ್ಯದಲ್ಲಿದ್ದವನೊಬ್ಬ, ಡೇನಿಯಲ್ ಜೋನ್ಸ್ ಅನ್ನುವ ಅಮೆರಿಕದವನೊಬ್ಬ. ಇಬ್ಬರೂ ಕೂತು ಆಯ್ದ ಭಾಗಗಳ ಒಂದು ಸಣ್ಣ ಪುಸ್ತಕ ಮಾಡಿದರು. 1875ರಲ್ಲಿ ಅಚ್ಚಾಯಿತು. ಮರುವರ್ಷ ಅದನ್ನು ಹೊತ್ತುಕೊಂಡು ಮೆಕ್ಸಿಕೋದ ಚಿವಾವಾಗೆ ಮೊದಲ ತಂಡ ಹೋಯಿತು. ಪೂರ್ತಿ ಪುಸ್ತಕ ಬರಲು 1886 ಆಗಬೇಕಾಯಿತು. ನನಗೆ ಕಿಟ್ಟೆಲ್ ನೆನಪಾದರು. ನಾವು ನೋಡಿರುವ ಕಿಟ್ಟೆಲ್ ಅಂದರೆ ಗಡ್ಡ ಬಿಟ್ಟ ಹಿರಿಯ, 1894ರ ದೊಡ್ಡ ಕನ್ನಡ ನಿಘಂಟು. ಆದರೆ 1853ರಲ್ಲಿ ಜರ್ಮನಿಯಿಂದ ಬಂದು ಇಳಿದಾಗ ಅವರಿಗೆ ಬರೀ 21 ವರ್ಷ. ಬಾಸೆಲ್ ಮಿಷನ್ ಕಳಿಸಿದ ಹುಡುಗ. ಮೊದಲ ವಾರಗಳಲ್ಲಿ ಅವರೂ ಯಾವುದಾದರೂ ಬಾವಿಕಟ್ಟೆಯಲ್ಲಿ ಕೊಡವನ್ನು ತೋರಿಸಿ ಇದಕ್ಕೇನನ್ನುತ್ತಾರೆ ಅಂತ ಕೇಳಿರಬೇಕು ಅಲ್ವಾ? ಯಾವುದೋ ಅಜ್ಜಿ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಿರಬೇಕು. ನಿಘಂಟಿನಲ್ಲಿ ಆ ಅಜ್ಜಿಯ ಹೆಸರು ಇಲ್ಲ.

ಮೇ 13, ಅಮ್ಮಂದಿರ ದಿನ. ಅವನು ಎರಡು ವಾರದಿಂದ ದಿನ ಎಣಿಸುತ್ತಿದ್ದ. ಮರುದಿನ ಲಾಂಡ್ರಿ ರೂಮಿನಲ್ಲಿ, ಹೇಗಾಯ್ತು ಅಂತ ಕೇಳಿದೆ. ಅವರ ಸಭೆಯವರೊಬ್ಬರ ಮನೆಯ ಕಂಪ್ಯೂಟರಿನಲ್ಲಿ ಮಾತಾಡಿದನಂತೆ. ಅಮ್ಮ, ಅಪ್ಪ, ನಾಲ್ಕು ತಂಗಿ ತಮ್ಮಂದಿರು, ನಾಯಿ. ಎಲ್ಲ ಒಂದೇ ಪರದೆಯಲ್ಲಿ. ಕೊನೆಗೆ ಪ್ರಾರ್ಥನೆ ಮಾಡು ಅಂದರು ಅಪ್ಪ. ಕಣ್ಣು ಮುಚ್ಚಿ ಶುರು ಮಾಡಿದ, ಸ್ಪ್ಯಾನಿಷ್ ಬಂತು. ನಿಲ್ಲಿಸಿ ಇಂಗ್ಲಿಷ್ ಹುಡುಕಿದರೆ, ದೌ ಅನ್ನೋದು ಬಾಯಿಗೆ ಬರಲಿಲ್ಲ. ಸ್ಪ್ಯಾನಿಷ್‌ನಲ್ಲೇ ಮುಗಿಸಿದ. ಅಮ್ಮನಿಗೆ ಒಂದು ಪದವೂ ಅರ್ಥವಾಗದೆ ಅತ್ತಳಂತೆ.

ಇದು ನನಗೆ ಇಷ್ಟವಾದ ಕಥೆ. ಇದಾದ ಮೇಲಿನದು ಅಷ್ಟು ಇಷ್ಟವಾಗದ್ದು.

ಮೇ ಕೊನೆಗೆ ಅವನ ಸ್ಪ್ಯಾನಿಷ್ ಸುಧಾರಿಸಿತು. ಚೆನ್ನಾಗಿಯೇ ಸುಧಾರಿಸಿತು. ಕಾಫಿ ಬೇಡ ಅನ್ನುವುದನ್ನು ನಯವಾಗಿ ಹೇಳಲು ಕಲಿತ. ತಮಾಷೆ ಮಾಡಲು ಕಲಿತ. ಒಂದು ಸಂಜೆ ಮೆಟ್ಟಿಲ ಕೆಳಗೆ ಹತ್ತು ನಿಮಿಷ ಒಂದೂ ಕಡೆ ಎಡವದೆ ಮಾತಾಡಿದ. ಎಲ್ಲಿ ದನಿ ಇಳಿಸಬೇಕು, ಎಲ್ಲಿ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು, ಯಾವ ಪ್ರಶ್ನೆ ಕೇಳಿ ಸುಮ್ಮನಾಗಬೇಕು, ಎಲ್ಲ ಲೆಕ್ಕದ ಪ್ರಕಾರ. ನಾನು ಮೇಲೆ ಕೂತು ನೋಡುತ್ತಿದ್ದೆ. ಹಿಂದೆ ಅವನು ಪದ ಹುಡುಕುತ್ತಾ ನಿಂತಾಗ ಸೆನ್ಯೋರಾ ಕುರ್ಚಿಯ ತುದಿಗೆ ಬಂದು ಕೂರುತ್ತಿದ್ದರು. ಅವನ ಬಾಯನ್ನೇ ನೋಡುತ್ತಾ, ತಾವೇ ಪದ ಎತ್ತಿ ಕೊಡುತ್ತಿದ್ದರು. ಅವರ ಗಂಡ ಇನ್ನೊಂದು ಪದ ಕೊಡುತ್ತಿದ್ದರು. ಮೂವರೂ ಸೇರಿ ಒಂದು ವಾಕ್ಯ ಮುಗಿಸುತ್ತಿದ್ದರು. ಆ ಸಂಜೆ ಯಾರೂ ಏನೂ ಕೊಡುವ ಅಗತ್ಯ ಬೀಳಲಿಲ್ಲ. ಅವನು ಮುಗಿಸಿದಾಗ ಸೆನ್ಯೋರಾ "ಕೆ ಬೋನಿತೊ" ಅಂದರು, ಎಷ್ಟು ಚಂದ ಅಂತ. ಒಲೆ ಆರಿಸಲು ಎದ್ದು ಒಳಗೆ ಹೋದರು. ಇನ್ಶೂರೆನ್ಸ್ ಏಜೆಂಟರಿಗೆ ನನ್ನಮ್ಮ ಅಷ್ಟೇ ಮರ್ಯಾದೆಯಿಂದ ಹೀಗೇ ಎದ್ದು ಹೋಗುತ್ತಾರೆ.

ಅವನಿಗೆ ಇದು ಹೇಳಲಿಲ್ಲ. ಹೇಳುವುದಾದರೂ ಏನು? ಕಷ್ಟಪಟ್ಟು ಕಲಿತ ಹುಡುಗನಿಗೆ, ಬಾರದೇ ಇದ್ದಾಗಲೇ ಚೆನ್ನಾಗಿತ್ತು ಅನ್ನಬೇಕಾ?

ಜೂನ್ ಮೊದಲಲ್ಲಿ ಟ್ರಾನ್ಸ್‌ಫರ್ ಬಂತು. ಆರು ವಾರಕ್ಕೊಮ್ಮೆ ಅವರಲ್ಲಿ ಯಾರು ಎಲ್ಲಿಗೆ ಅಂತ ತಿಳಿಸುತ್ತಾರೆ. ಹೊಸಬನಿಗೆ ಮೊದಲ ಹನ್ನೆರಡು ವಾರ ಒಬ್ಬನೇ ಟ್ರೇನರ್, ಆಮೇಲೆ ಬೇರೆ ಊರು, ಬೇರೆ ಜೊತೆಗಾರ. ಸೋಮವಾರ ಮಧ್ಯಾಹ್ನ ಲಾಂಡ್ರಿ ರೂಮಿನಲ್ಲಿ ಕೈ ಕುಲುಕಿ, "ಬಾಲ್ದಿ" ಅಂದ. ನಾನು "ಬಾಲ್ದೆ" ಅಂದೆ. ಸೆನ್ಯೋರಾ ಕೆಲಸಕ್ಕೆ ಹೋಗಿದ್ದರು. ಬಾಗಿಲ ಸಂದಿಯಲ್ಲಿ ಒಂದು ಚೀಟಿ ಸಿಕ್ಕಿಸಿ ಹೋದ. ಅದು ಗಾಳಿಗೆ ಎಲ್ಲಿ ಹಾರಿತೋ, ಅವರಿಗೆ ಸಿಕ್ಕಲಿಲ್ಲ.

ಮರುದಿನ ಏಳು ಗಂಟೆಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕಾದರು. ಏಳೂವರೆಗೆ ಮೇಲೆ ತಲೆಯೆತ್ತಿ, ಸೊಂಟದ ಹತ್ತಿರ ಕೈ ಹಿಡಿದು ತೋರಿಸಿದರು. ಸಣ್ಣವನು ಎಲ್ಲಿ? ಅವನೇನು ಅಷ್ಟು ಕುಳ್ಳ ಅಲ್ಲ. ಟ್ರಾನ್ಸ್‌ಫರ್ ಅನ್ನಲು ನನ್ನ ಹತ್ತಿರ ಪದ ಇರಲಿಲ್ಲ. "ಓತ್ರೊ..." ಅಂದೆ, ಬೇರೆ ಅಂತ. ಮುಂದೆ ಗೊತ್ತಾಗದೆ "ಊರು" ಅಂದೆ.

"ಊರು?"

ಹೈವೇ ಕಡೆ ಕೈ ತೋರಿಸಿದೆ. ಅವರು ಸ್ವಲ್ಪ ಹೊತ್ತು ಆ ಕಡೆ ನೋಡಿದರು. ಒಳಗೆ ಹೋಗಿ ಫಾಯಿಲ್‌ನಲ್ಲಿ ಸುತ್ತಿದ್ದ 'ಬಲೆಯಾದ' ಅನ್ನುವ ತಿಂಡಿ ತಂದು ಮೆಟ್ಟಿಲ ಮೇಲಿಟ್ಟರು. ಮೈದಾ ರೊಟ್ಟಿಯ ಒಳಗೆ ಅರೆದ ಕೆಂಪು ಕಾಳು, ಕೆನೆ, ಉಪ್ಪಿನ ಚೀಸ್. ಅವನಿಗೆ ಅಂತ ಎರಡು ಜಾಸ್ತಿ ಮಾಡಿದ್ದರು. ಇನ್ನೂ ಬಿಸಿ ಇತ್ತು. ಅಲ್ಲೇ ಕೂತು ತಿಂದೆ, ಎರಡನ್ನೂ.